ನಿಮ್ಮೂರಿನ ನೀರಿನ ನಕ್ಷೆ ನೀವೇ ಮಾಡಿ: ನೀರುಗಂಟಿಯ ತಲೆಯಿಂದ ಗ್ರಾಮಸಭೆಯ ಗೋಡೆಗೆ

ಹಳ್ಳಿಯ ನೀರಿನ ವಿಷಯ ಪೂರ್ತಿ ಗೊತ್ತಿರುವುದು ಸಾಮಾನ್ಯವಾಗಿ ಒಬ್ಬರಿಗೆ ಮಾತ್ರ. ಅವರೇ ಊರಿಗೆ ನೀರು ಬಿಡುವ ನೀರುಗಂಟಿ. ಯಾವ ಬೋರ್‌ವೆಲ್ ಏಪ್ರಿಲ್‌ನಲ್ಲಿ ಕೈಕೊಡುತ್ತದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆ, ರಸ್ತೆ ಮಾಡುವಾಗ ಪೈಪು ಎಲ್ಲಿ ಒಡೆಯಿತು, ಎಲ್ಲವೂ ಅವರ ತಲೆಯಲ್ಲಿದೆ. ಪಂಚಾಯಿತಿಯ ಫೈಲಿನಲ್ಲಿ ಹುಡುಕಿದರೆ ಬಿಲ್ಲು, ವೋಚರ್ ಸಿಗುತ್ತವೆ. ಪೈಪು ಎಲ್ಲಿ ಹೋಗಿದೆ ಎಂಬುದು ಸಿಗುವುದು ಕಷ್ಟ. ನೀರುಗಂಟಿ ನಾಲ್ಕು ದಿನ ಆಸ್ಪತ್ರೆಗೆ ಸೇರಿದರೆ ಊರೇ ಪರದಾಡುತ್ತದೆ.

ಆ ತಿಳಿವಳಿಕೆಯನ್ನು ಎಲ್ಲರಿಗೂ ಕಾಣುವ ಹಾಗೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವುದು ಎರಡು ಮೂರು ಆಂಡ್ರಾಯ್ಡ್ ಫೋನು, ಒಂದು ಹಳೆಯ ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ತಂತ್ರಾಂಶ, ಮತ್ತು ಬಿಸಿಲಿನಲ್ಲಿ ನಡೆಯಲು ಸಿದ್ಧರಿರುವ ಐದಾರು ಜನ. ಡ್ರೋನ್ ಬೇಡ. ಕಂಪನಿಗೆ ಗುತ್ತಿಗೆ ಕೊಡುವುದೂ ಬೇಡ. ನೀರನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ, ಏಕೆಂದರೆ ನೀರಿನ ವಿಷಯಕ್ಕೆ ಊರಿನವರು ತಾವಾಗಿಯೇ ಬಂದು ಸೇರುತ್ತಾರೆ. ಚರಂಡಿ, ಬೀದಿದೀಪ, ಶಾಲೆಗೆ ಮಕ್ಕಳು ಹೋಗುವ ದಾರಿ, ಇವಕ್ಕೂ ಇದೇ ವಿಧಾನ ನಡೆಯುತ್ತದೆ.

ಮೊದಲು ಒಂದೇ ಒಂದು ಪ್ರಶ್ನೆ

"ಊರಿನ ಸಂಪೂರ್ಣ ಮಾಹಿತಿ ಸಂಗ್ರಹಿಸೋಣ" ಎಂದು ಹೊರಟ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಜನರೂ ಬೇಸತ್ತು ಹೋಗುತ್ತಾರೆ. ಅದರ ಬದಲು ಒಂದು ಪ್ರಶ್ನೆ ಹಿಡಿಯಿರಿ. "ಬೇಸಿಗೆಯಲ್ಲಿ ಯಾವ ಯಾವ ಬೀದಿಗೆ ನಲ್ಲಿ ನೀರು ತಲುಪುವುದಿಲ್ಲ, ಏಕೆ?" ಇಷ್ಟು ಸಾಕು. ಪ್ರಶ್ನೆ ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭದ ದಾರಿ ಇದೆ. ಉತ್ತರ ಸಿಕ್ಕ ಮೇಲೆ ಅದನ್ನು ಯಾರ ಮುಂದೆ ಇಡುತ್ತೀರಿ, ಅವರು ಏನು ಮಾಡಬಹುದು ಎಂದು ಹೇಳಲು ಬಂದರೆ ಪ್ರಶ್ನೆ ಸರಿಯಾಗಿದೆ. ಬರದಿದ್ದರೆ ಬದಲಿಸಿ.

ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ 2015ರಲ್ಲಿ ಶುರುವಾದ ರಮಾನಿ ಹುರಿಯಾ ಯೋಜನೆ ಹಿಡಿದದ್ದು ಇಂಥ ಪ್ರಶ್ನೆಯನ್ನೇ. ಮಳೆ ಬಂದರೆ ನಗರದ ತಗ್ಗು ಬಡಾವಣೆಗಳು ಮುಳುಗುತ್ತಿದ್ದವು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಆ ಬಡಾವಣೆಗಳ ಜನರೂ ಸೇರಿ ಚರಂಡಿಗಳ ಉದ್ದಕ್ಕೂ ನಡೆದರು. ಚರಂಡಿ ಎಲ್ಲಿ ಹೋಗುತ್ತದೆ, ಎಷ್ಟು ಅಗಲ, ಎಲ್ಲಿ ಕಸ ಕಟ್ಟಿದೆ ಎಂದು ಗುರುತು ಹಾಕಿದರು. ಅದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿತು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ಜಗತ್ತಿನ ನಕ್ಷೆ. ಕೆನ್ಯಾದ ನೈರೋಬಿಯಲ್ಲಿರುವ ಕಿಬೇರಾ ಎಂಬ ದೊಡ್ಡ ಕೊಳಗೇರಿ 2009ರವರೆಗೂ ಸಾರ್ವಜನಿಕ ನಕ್ಷೆಗಳಲ್ಲಿ ಖಾಲಿ ಜಾಗದಂತೆ ಕಾಣುತ್ತಿತ್ತು. ಅಲ್ಲಿನ ಯುವಕ ಯುವತಿಯರೇ ಜಿಪಿಎಸ್ ಹಿಡಿದು ಓಣಿ, ನೀರಿನ ಜಾಗ, ಶೌಚಾಲಯ, ಕ್ಲಿನಿಕ್‌ಗಳನ್ನು ಅದರಲ್ಲಿ ತುಂಬಿಸಿದರು. ನಕ್ಷೆಯಲ್ಲಿ ಇಲ್ಲದ ಊರಿಗೆ ಯೋಜನೆಯ ಪಟ್ಟಿಯಲ್ಲೂ ಜಾಗ ಸಿಗುವುದು ಕಷ್ಟ, ಅಲ್ವಾ? ನಮ್ಮ ಎಷ್ಟೋ ಹಟ್ಟಿ, ತಾಂಡಾ, ಕಾಲೊನಿಗಳ ಸ್ಥಿತಿ ಇವತ್ತಿಗೂ ಹಾಗೇ ಇದೆ.

ಇರುವುದನ್ನು ಮೊದಲು ಒಟ್ಟು ಮಾಡಿ

ಹೊಸದಾಗಿ ಅಳೆಯುವ ಮೊದಲು ಯಾರು ಏನು ಅಳೆದಿದ್ದಾರೆ ನೋಡಿ.

ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಗ್ರಾಮ ನಕ್ಷೆ ಪಿಡಿಎಫ್ ಆಗಿ ಸಿಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಸಾಕು. ಅದರಲ್ಲಿ ಸರ್ವೆ ನಂಬರಿನ ಗಡಿ, ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ ಇರುತ್ತವೆ. ಈಗ ನೆಲದ ಮೇಲೆ ಕಾಣದ ಹಳ್ಳ ಕೂಡ ಆ ನಕ್ಷೆಯಲ್ಲಿ ಕಾಣಬಹುದು. ಮಳೆಗಾಲದಲ್ಲಿ ನೀರು ನುಗ್ಗುವ ಮನೆಗಳು ಎಲ್ಲಿವೆ ಎಂದು ಅದರ ಪಕ್ಕ ಇಟ್ಟು ನೋಡಿ. ಬಹಳ ಸಲ ಅಲ್ಲೇ ಉತ್ತರ ಸಿಗುತ್ತದೆ.

ದಿಶಾಂಕ್ ಆ್ಯಪ್ ಇನ್ನೊಂದು. ಇದನ್ನು ಮಾಡಿದ್ದು ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ನೀವು ನಿಂತ ಜಾಗದ ಸರ್ವೆ ನಂಬರ್ ಯಾವುದು ಎಂದು ಹೇಳುತ್ತದೆ. ಬೋರ್‌ವೆಲ್ ಗೋಮಾಳದಲ್ಲಿದೆಯೋ, ಖರಾಬಿನಲ್ಲಿದೆಯೋ, ಯಾರದೋ ಹಿಡುವಳಿಯಲ್ಲಿದೆಯೋ ಎಂದು ಅಂದಾಜು ಮಾಡಲು ಇದು ಒಳ್ಳೆಯದು. ಆದರೆ ಗಡಿಯಲ್ಲಿ ಕೆಲವು ಮೀಟರ್ ಆಚೀಚೆ ಆಗುತ್ತದೆ. ದಯವಿಟ್ಟು ಇದನ್ನು ಹಿಡಿದು ಯಾರ ಜೊತೆಗೂ ಬದುವಿನ ಜಗಳಕ್ಕೆ ಹೋಗಬೇಡಿ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರ್ ಕೈಯಿಂದಲೇ ಅಳೆಸಬೇಕು.

ಇಸ್ರೊದ ಭುವನ್ ಜಾಲತಾಣದಲ್ಲಿ ಉಪಗ್ರಹ ಚಿತ್ರಗಳಿವೆ. ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ನಿಮ್ಮೂರು ಹೇಗಿದೆ ನೋಡಿ. ಮುಖ್ಯರಸ್ತೆ, ಕೆರೆ ಬಿಟ್ಟರೆ ಏನೂ ಇರಲಿಕ್ಕಿಲ್ಲ. ಪರವಾಗಿಲ್ಲ, ನೀವೇ ತುಂಬಿಸಬಹುದು.

ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆಯಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸುವ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಇದೆ. ನಿಮ್ಮೂರಿನಲ್ಲಿ ಅವರು ಯಾರು ಎಂದು ಕೇಳಿ. ಅವರ ಹತ್ತಿರ ಫ್ಲೋರೈಡ್, ನೈಟ್ರೇಟ್ ಅಂಕಿಗಳು ಇರಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಮಾತ್ರ. ನೈಟ್ರೇಟ್‌ಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಇದನ್ನು ಬಿಟ್ಟು ನೀರಿನ ನಕ್ಷೆ ಮಾಡುವ ಹಾಗೇ ಇಲ್ಲ.

ಪಂಚಾಯಿತಿಯಲ್ಲಿ ಬೋರ್‌ವೆಲ್‌ಗಳ ಪಟ್ಟಿ ಕೇಳಿ. ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಹತ್ತಿರ ಬಾಯಿಮಾತಲ್ಲೇ ಕೇಳಿ, ಏಕೆ ಬೇಕು ಎಂದು ಹೇಳಿ. ಬಹಳಷ್ಟು ಜನ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಅದಕ್ಕೇ ಬೋರ್‌ವೆಲ್‌ಗೆ ಒಂದು ಅರ್ಜಿ, ಪೈಪ್‌ಲೈನ್ ಕಾಮಗಾರಿಗೆ ಇನ್ನೊಂದು.

ಒಂದು ಎಚ್ಚರಿಕೆ. ಗೂಗಲ್ ಮ್ಯಾಪ್ಸ್ ನೋಡಿ ಅದರಲ್ಲಿರುವುದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನಕಲು ಮಾಡಬಾರದು. ಅದು ಅವರ ಹಕ್ಕಿನ ಮಾಹಿತಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ತಿದ್ದುವ ಪರದೆಯ ಹಿನ್ನೆಲೆಯಲ್ಲೇ ಬಿಂಗ್, ಎಸ್ರಿ ಮುಂತಾದ ಉಪಗ್ರಹ ಚಿತ್ರಗಳು ಬರುತ್ತವೆ. ಅವಕ್ಕೆ ಅನುಮತಿ ಇದೆ, ಅವನ್ನು ನೋಡಿ ಬಿಡಿಸಬಹುದು.

"ನಕ್ಷೆ ಮಾಡುವುದಕ್ಕೆ ಸರ್ಕಾರದ ಅನುಮತಿ ಬೇಡವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಭಾರತೀಯರು ನಕ್ಷೆ ಮಾಡಲು ಮೊದಲೇ ಅನುಮತಿ ಪಡೆಯಬೇಕಿಲ್ಲ. ಸೇನೆ ಮುಂತಾದ ಸೂಕ್ಷ್ಮ ಜಾಗಗಳಿಗೆ ನಿರ್ಬಂಧ ಇದೆ. ನಿಮ್ಮೂರಿನ ನೀರಿನ ತೊಂಬೆಗೆ ಇಲ್ಲ.

ಫೋನು ತೆಗೆಯುವ ಮೊದಲು ರಂಗೋಲಿ ಪುಡಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಅಂಗಳದಲ್ಲಿ ಊರಿನ ನಕ್ಷೆಯನ್ನು ರಂಗೋಲಿ ಪುಡಿ, ಇಟ್ಟಿಗೆ ಚೂರು, ಎಲೆ, ಕಾಳು ಇಟ್ಟು ಜನರೇ ಬಿಡಿಸಲಿ. ಕರ್ನಾಟಕಕ್ಕೆ ಇದು ಹೊಸದೇನಲ್ಲ. 1990ರ ಸುಮಾರಿಗೇ ಗ್ರಾಮಾಭಿವೃದ್ಧಿಯ ಕೆಲಸ ಮಾಡುವ ಮೈರಾಡ ಸಂಸ್ಥೆಯವರು ನಮ್ಮ ಹಳ್ಳಿಗಳಲ್ಲಿ ಹೀಗೆ ನೆಲದ ಮೇಲೆ ನಕ್ಷೆ ಬಿಡಿಸುತ್ತಿದ್ದರು. ಓದು ಬರಹ ಬಾರದವರೂ ಇದರಲ್ಲಿ ಮುಂದೆ ಬರುತ್ತಾರೆ. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು "ಅಲ್ಲ, ಆ ಬಾವಿ ಇನ್ನೂ ಆ ಕಡೆ" ಎಂದು ತಿದ್ದುತ್ತಾರೆ. ಹಾಗೆ ತಿದ್ದುವುದೇ ನಮಗೆ ಬೇಕಾದ ಮಾಹಿತಿ.

ಎಲ್ಲಿ ಕೂರುತ್ತೀರಿ ಎಂಬುದು ಬಹಳ ಮುಖ್ಯ. ದೇವಸ್ಥಾನದ ಅಂಗಳದಲ್ಲಿ ಮಾತ್ರ ಕೂತರೆ ಕೆಲವರು ಬರುವುದೇ ಇಲ್ಲ, ಬಂದರೂ ದೂರದಲ್ಲಿ ನಿಲ್ಲುತ್ತಾರೆ. ಕಾಲೊನಿಯಲ್ಲಿ ಬೇರೆಯಾಗಿ ಕೂರಿ. ಹೆಣ್ಣುಮಕ್ಕಳ ಜೊತೆ ಬೇರೆಯಾಗಿ ಕೂರಿ, ಅದೂ ಅವರಿಗೆ ಬಿಡುವಾದಾಗ. ಬೆಳಿಗ್ಗೆ ಎಂಟಕ್ಕೆ ಕರೆದರೆ ಬರುವವರು ಗಂಡಸರಷ್ಟೇ. ಗಂಡಸರು ಬಿಡಿಸಿದ ನಕ್ಷೆಯಲ್ಲಿ ಕೆರೆ, ರಸ್ತೆ, ಜಮೀನು ದೊಡ್ಡದಾಗಿರುತ್ತವೆ. ಹೆಣ್ಣುಮಕ್ಕಳ ನಕ್ಷೆಯಲ್ಲಿ ಯಾವ ನಲ್ಲಿಗೆ ಎಷ್ಟು ಹೊತ್ತು ಕಾಯಬೇಕು, ಯಾವ ದಾರಿಯಲ್ಲಿ ಸಂಜೆ ಮೇಲೆ ನಡೆಯಲು ಭಯ ಎಂಬುದು ಬರುತ್ತದೆ. ಎರಡನ್ನೂ ಫೋಟೊ ತೆಗೆದಿಡಿ. ನಡೆಯುವಾಗ ಎಲ್ಲೆಲ್ಲಿ ಹೋಗಬೇಕು ಎಂಬ ಪಟ್ಟಿ ಇವುಗಳಿಂದಲೇ ಬರುತ್ತದೆ.

ಫಾರಂ ಚಿಕ್ಕದಿರಲಿ

ಕೋಬೊ ಟೂಲ್‌ಬಾಕ್ಸ್ ಎಂಬ ಸೇವೆಯಲ್ಲಿ ಉಚಿತವಾಗಿ ಖಾತೆ ತೆರೆಯಬಹುದು. ಕಂಪ್ಯೂಟರಿನಲ್ಲಿ ಪ್ರಶ್ನೆಗಳ ಫಾರಂ ಮಾಡಿ, ಫೋನಿನಲ್ಲಿ ಕೋಬೊ ಕಲೆಕ್ಟ್ ಆ್ಯಪ್‌ಗೆ ಇಳಿಸಿಕೊಂಡರೆ ಆಯಿತು. ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಸಂಜೆ ಸಿಗ್ನಲ್ ಸಿಕ್ಕಾಗ ಕಳಿಸಬಹುದು. ಪ್ರಶ್ನೆಗಳು ಕನ್ನಡದಲ್ಲೇ ಇರಲಿ.

ನೀರಿನ ಜಾಗಕ್ಕೆ ಇಷ್ಟು ಸಾಕು:

1. ಜಿಪಿಎಸ್ ಜಾಗ (ಕಡ್ಡಾಯ).
2. ಏನಿದು: ಬೋರ್‌ವೆಲ್, ಕೈಪಂಪು, ತೊಂಬೆ, ಓವರ್‌ಹೆಡ್ ಟ್ಯಾಂಕ್, ಬೀದಿ ನಲ್ಲಿ, ವಾಲ್ವ್, ತೆರೆದ ಬಾವಿ, ಶುದ್ಧ ನೀರಿನ ಘಟಕ.
3. ಈಗ ನೀರು ಬರುತ್ತಿದೆಯೇ: ಹೌದು, ಇಲ್ಲ, ಬೇಸಿಗೆಯಲ್ಲಿ ಇಲ್ಲ.
4. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು.
5. 20 ಲೀಟರ್ ತುಂಬಲು ಎಷ್ಟು ನಿಮಿಷ.
6. ಫೋಟೊ.
7. ಬೇರೇನಾದರೂ ಇದ್ದರೆ.

ಎರಡನೇ ಪ್ರಶ್ನೆಯ ಪಟ್ಟಿಯಲ್ಲಿ ನಿಮ್ಮ ಕಡೆಯ ಮಾತೇ ಇರಲಿ. ಕೋಲಾರದ ಕಡೆ ಕುಂಟೆ ಬೇಕು, ಮಲೆನಾಡಿನಲ್ಲಿ ಮದಗ ಬೇಕು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಸುರಂಗ ಬೇಕು. ಬೇರೆ ಕಡೆಯ ಫಾರಂ ಹಾಗೇ ತಂದರೆ ಎಲ್ಲರೂ "ಇತರೆ" ಒತ್ತಿ ಮುಂದೆ ಹೋಗುತ್ತಾರೆ. ಆಮೇಲೆ ಆ "ಇತರೆ" ಬಿಡಿಸುತ್ತಾ ಕೂರುವ ಕಷ್ಟ ನಿಮ್ಮದು.

ಐದನೇ ಪ್ರಶ್ನೆ ಸಣ್ಣದಾಗಿ ಕಂಡರೂ ಸಭೆಯಲ್ಲಿ ಗೆಲ್ಲಿಸುವುದು ಅದೇ. ಲೆಕ್ಕ ನೋಡಿ. ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಐದು ಜನರ ಮನೆಗೆ 275 ಲೀಟರ್. ನಲ್ಲಿಯಲ್ಲಿ 20 ಲೀಟರ್ ತುಂಬಲು 2 ನಿಮಿಷ ಹಿಡಿದರೆ ನಿಮಿಷಕ್ಕೆ 10 ಲೀಟರ್ ಬಂದಂತಾಯಿತು. 275 ಲೀಟರಿಗೆ 27 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ನೀರು ದಿನ ಬಿಟ್ಟು ದಿನ ಬರುವುದಾದರೆ ಒಂದೊಂದು ಸಲವೂ 55 ನಿಮಿಷ ಬಿಡಬೇಕು. ಕೊನೆಯ ಬೀದಿಯಲ್ಲಿ ಅದೇ 20 ಲೀಟರಿಗೆ 6 ನಿಮಿಷ ಹಿಡಿಯುತ್ತಿದ್ದರೆ? ಅವರಿಗೆ ಮೂರು ಪಟ್ಟು ಹೊತ್ತು ಬೇಕು. ಆದರೆ ವಾಲ್ವ್ ಎಲ್ಲರಿಗೂ ಒಂದೇ ಹೊತ್ತಿಗೆ ಬಂದ್ ಆಗುತ್ತದೆ. "ನಮಗೆ ನೀರು ಸಾಲಲ್ಲ" ಎಂದರೆ ಅದು ದೂರು, ಕೇಳಿ ಬಿಡುತ್ತಾರೆ. ಈ ಲೆಕ್ಕ ಮುಂದಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.

ನಡೆಯುವುದು

ಇಬ್ಬಿಬ್ಬರಾಗಿ ಹೊರಡಿ. ಒಬ್ಬರ ಕೈಯಲ್ಲಿ ಫೋನು, ಇನ್ನೊಬ್ಬರು ಮಾತಾಡಲಿ. ಮೊದಲ ಸುತ್ತು ನೀರುಗಂಟಿಯ ಜೊತೆಗೇ ಆಗಬೇಕು. ಅವರ ತಪ್ಪು ಹುಡುಕಲು ಬಂದಿದ್ದೇವೆ ಎಂದು ಅವರಿಗೆ ಅನಿಸಬಾರದು. ಹೆಚ್ಚಿನ ಕಡೆ ಅವರ ಸಂಬಳ ಕಡಿಮೆ, ಬೈಗುಳ ಜಾಸ್ತಿ. ಯಾವ ವಾಲ್ವ್ ಯಾವ ಬೀದಿಗೆ ಎಂದು ಅವರು ಹೇಳುವುದನ್ನು ಗೌರವದಿಂದ ಬರೆದುಕೊಳ್ಳಿ. ನಕ್ಷೆ ಆದ ಮೇಲೆ ಅದರ ಮೇಲೆ ಅವರ ಹೆಸರು ಹಾಕಲೇ ಎಂದು ಕೇಳಿ, ಒಪ್ಪಿದರೆ ಹಾಕಿ.

ಫೋನಿನ ಜಿಪಿಎಸ್ ಬಯಲಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಮೀಟರ್ ಒಳಗೆ ಸರಿ ತೋರಿಸುತ್ತದೆ. ಅಡಿಕೆ ತೋಟದ ಒಳಗೆ, ಎತ್ತರದ ಗೋಡೆಯ ಪಕ್ಕ, ಕಿರಿದಾದ ಓಣಿಯಲ್ಲಿ ಹತ್ತು ಇಪ್ಪತ್ತು ಮೀಟರ್ ತಪ್ಪಬಹುದು. ಆ್ಯಪ್‌ನಲ್ಲಿ ನಿಖರತೆಯ ಅಂಕಿ ಕಾಣಿಸುತ್ತದೆ. ಅದು 5 ಮೀಟರಿಗೆ ಇಳಿಯುವವರೆಗೂ ನಿಂತಲ್ಲೇ ಕಾಯಿರಿ. ಇಳಿಯದಿದ್ದರೆ ಎರಡು ಹೆಜ್ಜೆ ಬಯಲಿಗೆ ಬನ್ನಿ. ಫೋನು ತೋರಿಸುವ ಎತ್ತರದ ಅಂಕಿಯನ್ನು ಮಾತ್ರ ನಂಬಬೇಡಿ. ಇಳಿಜಾರು ಯಾವ ಕಡೆ, ಮಳೆನೀರು ಎತ್ತ ಹರಿಯುತ್ತದೆ ಎಂಬುದನ್ನು ಹಿರಿಯರನ್ನು ಕೇಳಿ. ಜಗತ್ತಿಗೆಲ್ಲ ಉಚಿತವಾಗಿ ಸಿಗುವ ಉಪಗ್ರಹದ ಎತ್ತರದ ಮಾಹಿತಿಯಲ್ಲಿ 30 ಮೀಟರ್ ಅಗಲದ ಒಂದೊಂದು ಚೌಕಕ್ಕೆ ಒಂದೇ ಅಂಕಿ ಇರುತ್ತದೆ. ಬಯಲುಸೀಮೆಯ ಊರಲ್ಲಿ ಒಂದು ಬೀದಿಯ ಏರು ತಗ್ಗು ಹೇಳಲು ಅದು ಸಾಲದು.

ಕೆರೆ ಇದ್ದರೆ ಏರಿಯ ಮೇಲೆ ಪೂರ್ತಿ ನಡೆಯಿರಿ. ತೂಬು, ಕೋಡಿ, ಕೆರೆಗೆ ನೀರು ತರುವ ಕಾಲುವೆ, ಎಲ್ಲಕ್ಕೂ ಒಂದೊಂದು ಗುರುತು. ಕೋಡಿಯ ಕೆಳಗಿನ ಹಳ್ಳವನ್ನು ಮುಂದಿನ ಕೆರೆಯವರೆಗೆ ಹಿಡಿದು ನಡೆಯಿರಿ. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಸರಪಳಿಯಾಗಿ ಕಟ್ಟಿದವು. ಮಧ್ಯದ ಒಂದು ಕಾಲುವೆ ಮುಚ್ಚಿದರೆ ಮೇಲಿನ ಊರಲ್ಲಿ ಮನೆಗೆ ನೀರು ನುಗ್ಗುತ್ತದೆ, ಕೆಳಗಿನ ಊರಲ್ಲಿ ಕೆರೆ ತುಂಬುವುದಿಲ್ಲ. ಬೋರ್‌ವೆಲ್ ಬತ್ತುವುದಕ್ಕೆ ಕಾರಣ ಹುಡುಕುತ್ತಾ ಹೋದವರು ಎಷ್ಟೋ ಸಲ ಆ ಮುಚ್ಚಿದ ಕಾಲುವೆಯ ಹತ್ತಿರ ಬಂದು ನಿಲ್ಲುತ್ತಾರೆ.

ನೀರು ಬಿಡುವ ಹೊತ್ತಿಗೆ ಒಂದು ಸಲವಾದರೂ ನಡೆಯಬೇಕು. 20 ಲೀಟರಿನ ಕ್ಯಾನು ಜೊತೆಗಿರಲಿ. ಇದೇ ಕೆಲಸವನ್ನು ಎರಡು ಸಲ ಮಾಡಿ, ದೀಪಾವಳಿ ಕಳೆದ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಮಳೆಗಾಲ ಮುಗಿದ ಕೂಡಲೇ ಮಾಡಿದ ನೀರಿನ ನಕ್ಷೆ ಒಂದನ್ನೇ ನೋಡಿದರೆ ಊರಿಗೆ ಯಾವ ತೊಂದರೆಯೂ ಇಲ್ಲ ಅನಿಸಿಬಿಡುತ್ತದೆ.

ಕಂಪ್ಯೂಟರಿನ ಮುಂದೆ

ಕೋಬೊದಿಂದ ಮಾಹಿತಿಯನ್ನು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮದಿಂದ ಬೇರೆ ಮಾಡಿದ ಸರಳ ಪಟ್ಟಿ) ಇಳಿಸಿಕೊಳ್ಳಿ. ನಕ್ಷೆ ಮಾಡುವ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ "ಲೇಯರ್" ಮೆನುವಿನಿಂದ "ಆ್ಯಡ್ ಲೇಯರ್", ಅಲ್ಲಿಂದ "ಡಿಲಿಮಿಟೆಡ್ ಟೆಕ್ಸ್ಟ್" ಆರಿಸಿ ಕಡತ ತೆರೆದರೆ ಚುಕ್ಕಿಗಳು ಬಂದು ಕೂರುತ್ತವೆ. ಹಿನ್ನೆಲೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿ.

ಇಲ್ಲಿ ಎಲ್ಲರೂ ಎಡವುವ ಕೆಲವು ಕಲ್ಲುಗಳಿವೆ. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಕರ್ನಾಟಕದಲ್ಲಿ ರೇಖಾಂಶ 74ರಿಂದ 78.5ರ ಒಳಗೆ, ಅಕ್ಷಾಂಶ 11.5ರಿಂದ 18.5ರ ಒಳಗೆ ಇರುತ್ತದೆ. ಇವೆರಡು ಅದಲು ಬದಲಾದರೆ ಬೆಂಗಳೂರಿನ ಬೋರ್‌ವೆಲ್ ನಾರ್ವೆಗೂ ಉತ್ತರದ ಹಿಮಸಾಗರದಲ್ಲಿ ಕಾಣಿಸುತ್ತದೆ. ದಶಾಂಶದ ನಂತರ ಐದು ಅಂಕಿ ಇರಲೇಬೇಕು. ಐದು ಅಂಕಿ ಇದ್ದರೆ ಒಂದು ಮೀಟರಿನಷ್ಟು ನಿಖರ, ಮೂರಕ್ಕೆ ಇಳಿಸಿದರೆ ನೂರು ಮೀಟರ್ ಆಚೀಚೆ.

ಉದ್ದ, ದೂರ ಅಳೆಯಬೇಕಾದರೆ ನಕ್ಷೆಯನ್ನು ಮೀಟರ್ ಲೆಕ್ಕದ ಪದ್ಧತಿಗೆ ಬದಲಿಸಿ. ಆ ಪದ್ಧತಿಯ ಹೆಸರು ಯುಟಿಎಂ. ಕರ್ನಾಟಕದ ಹೆಚ್ಚಿನ ಭಾಗಕ್ಕೆ ಅದರ ವಲಯ 43 ಉತ್ತರ, ಕ್ಯೂಜಿಐಎಸ್‌ನಲ್ಲಿ ಆರಿಸಬೇಕಾದ ಇಪಿಎಸ್‌ಜಿ ಸಂಖ್ಯೆ 32643. 78 ಡಿಗ್ರಿ ರೇಖಾಂಶದಿಂದ ಪೂರ್ವಕ್ಕಿರುವ ಕೋಲಾರ, ಮುಳಬಾಗಿಲು ಕಡೆಯವರಿಗೆ ವಲಯ 44, ಅಂದರೆ 32644.

ಕನ್ನಡದ ಅಕ್ಷರದ ತೊಂದರೆ ಬೇರೆಯೇ ಇದೆ. ಪಂಚಾಯಿತಿಯಿಂದ ಸಿಗುವ ಹಳೆಯ ಕಡತಗಳು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಇರುತ್ತವೆ. ಅವನ್ನು ಹಾಗೇ ತೆರೆದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಮೊದಲು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಪದ್ಧತಿಗೆ, ತನ್ನಿ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತಿದ್ದಿ ಉಳಿಸುವಾಗ "ಯುಟಿಎಫ್-8" ಎಂದೇ ಉಳಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗುತ್ತದೆ. ನಕ್ಷೆಯ ಹೆಸರುಗಳಿಗೆ ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಆರಿಸಿ. ಮುದ್ರಿಸುವ ಮೊದಲು ಒತ್ತಕ್ಷರ ಒಡೆದಿಲ್ಲವೇ ನೋಡಿ. "ಹಳ್ಳಿ", "ಕಟ್ಟೆ" ಎಂಬ ಎರಡು ಪದ ಬರೆದು ಪರೀಕ್ಷಿಸಿದರೆ ಸಾಕು.

ಬಣ್ಣ ಮೂರೇ ಇರಲಿ. ನೀರು ಸಾಕಷ್ಟು ಬರುವ ಜಾಗಕ್ಕೆ ನೀಲಿ, ಬೇಸಿಗೆಯಲ್ಲಿ ನಿಲ್ಲುವುದಕ್ಕೆ ಹಳದಿ, ಬರದೇ ಇರುವುದಕ್ಕೆ ಕೆಂಪು. ಚುಕ್ಕಿಯ ಪಕ್ಕ ಹೆಸರು. ಅಂದ ಹೆಚ್ಚಿಸಲು ಹೋಗಬೇಡಿ. ಗೋಡೆಯ ಮೇಲೆ ಹತ್ತಡಿ ದೂರದಿಂದ ಓದಲು ಬರಬೇಕು.

ಇನ್ನು ಶಾಶ್ವತವಾಗಿ ಇರುವಂಥ ಸಾರ್ವಜನಿಕ ಜಾಗಗಳನ್ನು, ಅಂದರೆ ಕೆರೆ, ಟ್ಯಾಂಕ್, ಬೀದಿ, ಬೀದಿ ನಲ್ಲಿ, ಶಾಲೆ, ಅಂಗನವಾಡಿಯನ್ನು, ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿ. ಹೆಸರಿನ ಜಾಗದ ಪಕ್ಕದಲ್ಲಿ ಇನ್ನೊಂದು ಭಾಷೆ ಕೂಡಿಸುವ ಗುರುತು ಇದೆ. ಅದನ್ನು ಒತ್ತಿ ಕನ್ನಡದ ಹೆಸರನ್ನೂ ಬರೆಯಿರಿ. ಮುಂದೆ ಆಂಬುಲೆನ್ಸ್‌ನವರೋ ಪ್ರವಾಹದ ಸಮಯದಲ್ಲಿ ಸ್ವಯಂಸೇವಕರೋ ಅದೇ ನಕ್ಷೆ ಬಳಸಬಹುದು. ನೀರು ಬರುತ್ತದೆಯೋ ಇಲ್ಲವೋ, ಎಷ್ಟು ನಿಮಿಷ ಎಂಬುದು ವಾರಕ್ಕೊಮ್ಮೆ ಬದಲಾಗುವ ಮಾಹಿತಿ. ಅದು ನಿಮ್ಮ ಕಡತದಲ್ಲೇ ಇರಲಿ.

ಏನನ್ನು ಹಾಕಬಾರದು

ಯಾವ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾವ ಮನೆಯಲ್ಲಿ ಹೆಂಗಸು ಒಬ್ಬರೇ ಇದ್ದಾರೆ, ಯಾರು ಅಕ್ರಮವಾಗಿ ಮೋಟರ್ ಹಾಕಿದ್ದಾರೆ, ಇವು ಯಾವುದೂ ಗೋಡೆಯ ನಕ್ಷೆಗೆ ಬರಬಾರದು. ಫೋಟೊಗಳಲ್ಲಿ ಜನರ ಮುಖ ಬೇಡ. ಫೋನ್ ನಂಬರ್ ತೆಗೆದುಕೊಂಡಿದ್ದರೆ ಕೆಲಸ ಮುಗಿದ ಮೇಲೆ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಇದೆ, ನಿಜ. ಕಾಯ್ದೆ ಇಲ್ಲದಿದ್ದರೂ ನಾವು ಅದೇ ಊರಲ್ಲಿ ಬಾಳಬೇಕು.

ಕೇರಿಗಳ ವಿಷಯ ಇನ್ನೂ ಸೂಕ್ಷ್ಮ. ಎಷ್ಟೋ ಊರುಗಳಲ್ಲಿ ಪೈಪ್‌ಲೈನಿನ ಕೊನೆಗೆ ಇರುವುದು ದಲಿತರ ಕಾಲೊನಿ. ನೀರು ಕಡಿಮೆ ಬರುವುದೂ ಅಲ್ಲೇ. ನಿಮ್ಮ ನಕ್ಷೆ ಅದನ್ನು ತೋರಿಸುತ್ತದೆ, ತೋರಿಸಲೇಬೇಕು. "ಜಗಳ ಬೇಡ" ಎಂದು ಕೆಂಪು ಚುಕ್ಕಿಗಳನ್ನು ಮರೆಮಾಡಿದರೆ ಇಷ್ಟೆಲ್ಲ ನಡೆದದ್ದು ದಂಡ. ಆದರೆ ಬೀದಿಯ ಮಟ್ಟದಲ್ಲಿ ತೋರಿಸಿ, ಮನೆಯ ಮಟ್ಟದಲ್ಲಿ ಬೇಡ. ಹೆಸರು ಬರೆಯುವಾಗ ಅಲ್ಲಿ ವಾಸಿಸುವವರನ್ನೇ ಕೇಳಿ. ಊರಿನ ಉಳಿದವರು ಆ ಕೇರಿಯನ್ನು ಜಾತಿಯ ಹೆಸರಿನಿಂದ ಕರೆಯಬಹುದು. ಅಲ್ಲಿನವರಿಗೆ ಅದು ಅವಮಾನ. ಅವರು ತಮ್ಮ ಬೀದಿಗೆ ಇಟ್ಟುಕೊಂಡ ಹೆಸರೇ ನಕ್ಷೆಗೆ ಬರಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ಜಾತಿಯ ಹೆಸರು ಇದ್ದರೆ ಅದನ್ನೂ ತಿದ್ದಿ.

ಸಭೆಗೆ ಒಯ್ಯುವುದು

ನಮ್ಮ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮೊದಲು ವಾರ್ಡ್ ಸಭೆಗೆ ಹೋಗಿ. ದೊಡ್ಡ ಹಾಳೆ ಮುದ್ರಿಸುವ ಪ್ಲಾಟರ್ ಇರುವ ಜೆರಾಕ್ಸ್ ಅಂಗಡಿಯಲ್ಲಿ ಎ1 ಅಥವಾ ಎ0 ಅಳತೆಯಲ್ಲಿ ಮುದ್ರಿಸಿ. ಮೊಬೈಲಿನಲ್ಲಿ ತೋರಿಸುವುದು, ಲಿಂಕ್ ಕಳಿಸುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸಭೆ ಶುರುವಾಗುವ ಒಂದು ಗಂಟೆ ಮೊದಲೇ ನಕ್ಷೆಯನ್ನು ಗೋಡೆಗೆ ಅಂಟಿಸಿ, ಪಕ್ಕದಲ್ಲಿ ದಪ್ಪ ಮಾರ್ಕರ್ ಪೆನ್ನು ಕಟ್ಟಿಡಿ. ಜನ ಮೊದಲು ಹುಡುಕುವುದು ತಮ್ಮ ಮನೆಯನ್ನು. ಆಮೇಲೆ ತಪ್ಪು ಹುಡುಕುತ್ತಾರೆ. ಬಿಡಿ, ಅದರ ಮೇಲೇ ಬರೆಯಲಿ. ತಾನೇ ತಿದ್ದಿದ ನಕ್ಷೆಯ ಪರವಾಗಿ ಮನುಷ್ಯ ಎದ್ದು ನಿಂತು ಮಾತಾಡುತ್ತಾನೆ. ಪಂಚಾಯಿತಿ ಸದಸ್ಯರಿಗೂ ಪಿಡಿಒ ಅವರಿಗೂ ಒಂದೆರಡು ದಿನ ಮುಂಚೆಯೇ ನಕ್ಷೆ ತೋರಿಸಿರಬೇಕು. ಎಲ್ಲರ ಎದುರು ಅವರನ್ನು ದಿಢೀರನೆ ಸಿಕ್ಕಿಸಿದರೆ ಅವರು ನಕ್ಷೆಯ ವಿರುದ್ಧವೇ ನಿಲ್ಲುತ್ತಾರೆ.

ಬೇಡಿಕೆ ಮೂರಕ್ಕಿಂತ ಜಾಸ್ತಿ ಬೇಡ. ಒಂದು ದುಡ್ಡಿಲ್ಲದೆ ಆಗುವಂಥದ್ದು, ಉದಾಹರಣೆಗೆ ಕೊನೆಯ ಬೀದಿಯ ವಾಲ್ವ್ ಇನ್ನೂ ಅರ್ಧ ಗಂಟೆ ತೆರೆದಿಡುವುದು. ಒಂದು ಸಣ್ಣ ಖರ್ಚಿನದು, ಒಡೆದ ಪೈಪು ಅಥವಾ ಹೊಸ ವಾಲ್ವ್. ಇನ್ನೊಂದು ವಾರ್ಷಿಕ ಯೋಜನೆಗೆ ಸೇರಬೇಕಾದದ್ದು, ಕೆರೆ ಕಾಲುವೆ ಬಿಡಿಸುವುದು ಅಥವಾ ಬೇರೆ ಟ್ಯಾಂಕ್. ಮೊದಲನೆಯದು ಒಂದೇ ವಾರದಲ್ಲಿ ಆಗಿಬಿಟ್ಟರೆ ಜನಕ್ಕೆ ಉಳಿದದ್ದರ ಮೇಲೂ ನಂಬಿಕೆ ಬರುತ್ತದೆ. "ದುಡ್ಡಿಲ್ಲ" ಎಂಬ ಉತ್ತರ ಬಂದರೆ ಯಾವ ಅನುದಾನ ಎಷ್ಟು ಬಂದಿದೆ ಎಂದು ಕೇಳಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು.

ಸಭೆ ಒಪ್ಪಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಸರ್ವೆ ನಂಬರ್ ಅಥವಾ ಬೀದಿಯ ಹೆಸರಿನ ಸಮೇತ. "ನೀರಿನ ಸಮಸ್ಯೆ ಬಗೆಹರಿಸಲು ತೀರ್ಮಾನಿಸಲಾಯಿತು" ಎಂದಷ್ಟೇ ಬರೆದರೆ ಮುಂದೆ ಯಾರನ್ನೂ ಕೇಳಲು ಬರುವುದಿಲ್ಲ. ನಡವಳಿಯ ನಕಲು ಪಡೆದುಕೊಳ್ಳಿ.

ನಗರದವರಿಗೆ

ವಿಧಾನ ಇದೇ, ರಾಜಕಾಲುವೆ, ಒಳಚರಂಡಿಯ ಮ್ಯಾನ್‌ಹೋಲ್, ಫುಟ್‌ಪಾತ್ ಬಂದು ಸೇರುತ್ತವೆ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಾಹಿತಿಯನ್ನು ವಾರ್ಡ್ ನಂಬರಿನ ಮೇಲೆ ಕಟ್ಟಬೇಡಿ. ಬೆಂಗಳೂರಿನಲ್ಲಿ 198 ವಾರ್ಡ್ ಇದ್ದದ್ದು 2022ರಲ್ಲಿ 243 ಆಯಿತು, 2023ರಲ್ಲಿ 225 ಆಯಿತು. 2025ರಲ್ಲಿ ನಗರವೇ ಐದು ಪಾಲಿಕೆಯಾಗಿ ಒಡೆದು ವಾರ್ಡ್‌ಗಳನ್ನು ಮತ್ತೆ ಹೊಸದಾಗಿ ಬಿಡಿಸಿದರು. "ವಾರ್ಡ್ 112ರಲ್ಲಿ 14 ಗುಂಡಿ" ಎಂದು ಬರೆದಿಟ್ಟವರ ಪಟ್ಟಿ ಈಗ ಯಾವುದಕ್ಕೂ ಹೊಂದುವುದಿಲ್ಲ. ಪ್ರತಿ ಗುಂಡಿಯ ಅಕ್ಷಾಂಶ ರೇಖಾಂಶ ಇದ್ದರೆ ಗಡಿ ಎಷ್ಟು ಸಲ ಬದಲಾದರೂ ಕ್ಯೂಜಿಐಎಸ್‌ನಲ್ಲಿ ಮತ್ತೆ ಎಣಿಸಬಹುದು. ವಾರ್ಡ್ ಗಡಿಗಳ ಕಡತ, ಪಾಲಿಕೆಯ ಬಜೆಟ್ ಮುಂತಾದವು ಓಪನ್‌ಸಿಟಿ ಎಂಬ ಜಾಲತಾಣದಲ್ಲಿ ಸಿಗುತ್ತವೆ. ಮುಕ್ತ ಮಾಹಿತಿಗಾಗಿ ಕೆಲಸ ಮಾಡುವ ಡೇಟಾಮೀಟ್ ಬಳಗದವರೂ ಇಂಥ ನಕ್ಷೆಗಳನ್ನು ಹಂಚುತ್ತಾ ಬಂದಿದ್ದಾರೆ.

ಮುಂದಿನ ಬೇಸಿಗೆಗೆ

ಖಾತೆಯ ಪಾಸ್‌ವರ್ಡ್ ಒಬ್ಬರ ಹತ್ತಿರ ಮಾತ್ರ ಇರಬಾರದು. ಆ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದರೆ ನಕ್ಷೆಯೂ ಅವನ ಜೊತೆ ಹೋಗುತ್ತದೆ. ಕಡತದ ಒಂದು ಪ್ರತಿ ಊರಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಒಂದು ಪಂಚಾಯಿತಿಯಲ್ಲಿ, ಒಂದು ಹೈಸ್ಕೂಲಿನಲ್ಲಿ ಇರಲಿ. ಹೈಸ್ಕೂಲಿನ ಮಕ್ಕಳು ಇದನ್ನು ಬಹಳ ಬೇಗ ಕಲಿಯುತ್ತಾರೆ. ಸಮಾಜ ವಿಜ್ಞಾನದ ಮೇಷ್ಟ್ರು ಒಪ್ಪಿದರೆ ವರ್ಷಕ್ಕೊಮ್ಮೆಯ ನಡಿಗೆಯನ್ನು ಅವರಿಗೇ ವಹಿಸಿಬಿಡಿ. ಕಡತದ ಹೆಸರಿನಲ್ಲಿ ತಿಂಗಳು, ವರ್ಷ ಇರಲಿ. ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆಯಬೇಡಿ. ಹೋದ ಮೇ ತಿಂಗಳ ಕೆಂಪು ಚುಕ್ಕಿ ಈ ಮೇ ತಿಂಗಳಲ್ಲಿ ನೀಲಿ ಆಯಿತೇ ಎಂದು ಎರಡೂ ನಕ್ಷೆಯನ್ನು ಅಕ್ಕಪಕ್ಕ ಇಟ್ಟು, ನಡವಳಿಯ ನಕಲನ್ನೂ ಜೊತೆಗೆ ಹಿಡಿದು, ಮುಂದಿನ ವಾರ್ಡ್ ಸಭೆಗೆ ಹೋಗಿ.